ದೂರ ಸಾಗದ ಘಮ

ಇಂಡಿಯಾ ಪೇಲ್ ಏಲ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಹಡಗಿನಲ್ಲಿ. ಭಾರತದಲ್ಲಿದ್ದ ಬಿಳಿಯರ ಬಾಯಾರಿಕೆಗಾಗಿ ಪೀಪಾಯಿಗಳಲ್ಲಿ ತುಂಬಿಸಿಕೊಂಡು, ಗುಡ್‌ಹೋಪ್ ಭೂಶಿರ ಸುತ್ತಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕರಿಂದ ಆರು ತಿಂಗಳ ನಂತರ ಮುಂಬೈ, ಮದ್ರಾಸು, ಕಲ್ಕತ್ತದ ಬಂದರುಗಳಲ್ಲಿ ಅದು ಇಳಿಯುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಈ ವ್ಯಾಪಾರದಲ್ಲಿ ಮುಂದಿದ್ದವನು ಲಂಡನ್ನಿನ ಬೋ ಎಂಬಲ್ಲಿ ಬ್ರೂವರಿ ನಡೆಸುತ್ತಿದ್ದ ಜಾರ್ಜ್ ಹಾಡ್ಸನ್. ಈ ಬಿಯರನ್ನು ಕಂಡುಹಿಡಿದವನೇ ಅವನು ಎಂಬ ಕಥೆ ಬಹುಕಾಲ ಓಡಾಡಿತು. ಬಿಯರ್ ಚರಿತ್ರೆಕಾರ ಮಾರ್ಟಿನ್ ಕಾರ್ನೆಲ್ ಹಳೆಯ ದಾಖಲೆಗಳನ್ನು ಜಾಲಾಡಿ ಅದನ್ನು ತಳ್ಳಿಹಾಕಿದರು. ಬಿಸಿಲ ನಾಡಿಗೆ ಹೋಗುವ ಬಿಯರ್‌ಗೆ ಹಾಪ್ಸ್ ಹೆಚ್ಚು ಹಾಕಬೇಕೆಂಬುದು ಹಾಡ್ಸನ್‌ಗಿಂತ ಮೊದಲೇ ಇಂಗ್ಲೆಂಡಿನ ಬ್ರೂವರ್‌ಗಳಿಗೆ ಗೊತ್ತಿತ್ತು. ಹಾಡ್ಸನ್‌ಗೆ ಒದಗಿಬಂದದ್ದು ಜಾಗ ಮತ್ತು ಸಾಲ: ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಕಟ್ಟೆಗೆ ಅವನ ಬ್ರೂವರಿ ಹತ್ತಿರವಿತ್ತು, ಕಪ್ತಾನರಿಗೆ ಅವನು ವರ್ಷ ಮೀರಿದ ಉದ್ದರಿ ಕೊಡುತ್ತಿದ್ದ. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಾಪ್ ಮುಂತಾದವರು ಪೈಪೋಟಿಗೆ ಇಳಿದರು. 1830ರ ಆಸುಪಾಸಿನ ಪತ್ರಿಕೆಗಳ ಜಾಹೀರಾತಿನಲ್ಲಿ ಈಸ್ಟ್ ಇಂಡಿಯಾ ಪೇಲ್ ಏಲ್ ಎಂಬ ಹೆಸರು ಕಾಣಿಸಿಕೊಳ್ಳತೊಡಗಿತು.

ಪುಣೆಗೆ ಈ ಬಿಯರ್ ಬಂದದ್ದು ದಂಡಿನ ಜೊತೆ. 1817ರ ನವೆಂಬರಿನಲ್ಲಿ ಖಡ್ಕಿಯ ಕಾಳಗದಲ್ಲಿ ಪೇಶ್ವೆಯ ಸೇನೆ ಸೋತ ಮೇಲೆ ಊರಿನ ಅಂಚಿನಲ್ಲಿ ಇಂಗ್ಲಿಷರ ಕಂಟೋನ್ಮೆಂಟು ಬೇರೂರಿತು. ಮುಂಬೈಯಲ್ಲಿ ಇಳಿದ ಸರಕು ಸಹ್ಯಾದ್ರಿಯನ್ನು ಏರಿ ಬರಬೇಕಿತ್ತು. ಭೋರ್ ಘಾಟ್‌ನಲ್ಲಿ ಗಾಡಿ ಓಡುವಂಥ ರಸ್ತೆ ಆದದ್ದು 1830ರಲ್ಲಿ, ಘಟ್ಟ ಹತ್ತುವ ರೈಲು ಹಳಿ ತೆರೆದದ್ದು 1863ರಲ್ಲಿ. ಹೀಗೆ ಮೇಲಕ್ಕೆ ಬಂದ ಪೇಲ್ ಏಲ್ ಹೆಚ್ಚಾಗಿ ಅಧಿಕಾರಿಗಳ ಮೇಜಿನದು. ಸಾಮಾನ್ಯ ಸಿಪಾಯಿಗಳಿಗೆಂದು ಕಂಪನಿ ತರಿಸುತ್ತಿದ್ದುದು ಬಹುಪಾಲು ಪೋರ್ಟರ್ ಎಂಬ ಕಪ್ಪು ಬಿಯರ್. ಬೆಂಗಳೂರಿನ ದಂಡಿನಲ್ಲೂ ಪರಿಸ್ಥಿತಿ ಬೇರೆಯೇನೂ ಇರಲಿಲ್ಲ.

ಅಷ್ಟು ದೂರ ಬಂದರೂ ಬಿಯರ್ ಕೆಡದಂತೆ ಕಾಯ್ದದ್ದು ಹಾಪ್ಸ್. ಅದು ಬಳ್ಳಿಯಲ್ಲಿ ಬಿಡುವ ಹಸಿರು ಹೂಗೊಂಚಲು. ಪಕಳೆಗಳ ಬುಡದಲ್ಲಿ ಹಳದಿ ಹುಡಿಯಂಥ ಲೂಪುಲಿನ್ ಎಂಬ ಅಂಟು ಇರುತ್ತದೆ. ಅದರಲ್ಲಿರುವ ಆಲ್ಫಾ ಆಮ್ಲಗಳು ಕುದಿತಕ್ಕೆ ರೂಪ ಬದಲಿಸಿ ಕಹಿಯಾಗುತ್ತವೆ. ಬಿಯರನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳನ್ನು ಆ ಕಹಿ ತಡೆದು ನಿಲ್ಲಿಸುತ್ತದೆ. ಹಾಡ್ಸನ್ ಕಾಲದ ಹಾಪ್ಸ್ ಎಂದರೆ ಕಾವಲುಗಾರ. ಆರು ತಿಂಗಳು ಹಡಗಿನ ಹೊಟ್ಟೆಯಲ್ಲಿ ಕುಲುಕಾಡಿ ಬಂದ ಬಿಯರ್ ಮಾಗುತ್ತಿತ್ತು, ತಿಳಿಯಾಗುತ್ತಿತ್ತು, ಕಹಿಯ ಮೊನೆ ಮೆತ್ತಗಾಗುತ್ತಿತ್ತು. ಹಾಪ್ಸ್‌ನ ಪರಿಮಳ ದಾರಿಯಲ್ಲೇ ಬಹುಪಾಲು ಹಾರಿಹೋಗುತ್ತಿತ್ತು. ಅದು ಹೋಯಿತೆಂದು ಯಾರೂ ಕೊರಗಿದಂತೆ ಕಾಣುವುದಿಲ್ಲ.

ಇವತ್ತು ಪುಣೆಯ ಮುಂಢವಾ, ಕೋರೆಗಾಂವ್ ಪಾರ್ಕ್, ಬಾಣೇರ್ ಕಡೆಯ ಮೈಕ್ರೊಬ್ರೂವರಿಗಳಲ್ಲಿ ಐಪಿಎ (ಇಂಡಿಯಾ ಪೇಲ್ ಏಲ್) ಎಂದು ಸಿಗುವ ಬಿಯರ್ ಇದಕ್ಕೆ ತದ್ವಿರುದ್ಧವಾದದ್ದು. ಹೆಸರಷ್ಟೇ ಹಳೆಯದು. ಅದರ ಜೀವವೆಲ್ಲ ಪರಿಮಳದಲ್ಲಿದೆ, ಮತ್ತು ಆ ಪರಿಮಳ ಆರು ತಿಂಗಳಿರಲಿ, ಆರು ವಾರವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ದೂರದ ಪ್ರಯಾಣಕ್ಕೆಂದೇ ಹುಟ್ಟಿದ ಬಿಯರ್ ಈಗ ಕುದಿಸಿದ ಊರಿನಲ್ಲೇ ಕುಡಿಯಬೇಕಾದ ಬಿಯರ್ ಆಗಿದೆ. ಹಾಪ್ಸ್ ಬಿಯರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಬೇಕೆನ್ನುವವರು ಮೊದಲು ಅರಿಯಬೇಕಾದ್ದು ಇದನ್ನೇ. ಇದನ್ನು ಬಿಟ್ಟು ಮಾಡುವ ಹೋಲಿಕೆಗಳಿಗೆ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯಿಲ್ಲ.

ಈ ತಿರುವು ಅಮೆರಿಕದಿಂದ ಬಂತು. ಅಲ್ಲಿನ ಕೃಷಿ ಇಲಾಖೆಯ ತಳಿ ಸಂಶೋಧನೆಯಿಂದ ಆರೆಗಾನ್‌ನಲ್ಲಿ ಬೆಳೆದುಬಂದ ಕ್ಯಾಸ್ಕೇಡ್ ಎಂಬ ಹಾಪ್ಸ್ 1972ರಲ್ಲಿ ಬಿಡುಗಡೆಯಾಯಿತು. ಯುರೋಪಿನ ಹಳೆಯ ತಳಿಗಳಲ್ಲಿ ಹುಲ್ಲು, ಹೂವು, ಸಣ್ಣ ಮಸಾಲೆಯ ವಾಸನೆ. ಕ್ಯಾಸ್ಕೇಡ್‌ನಲ್ಲಿ ಚಕ್ಕೋತದ ಸಿಪ್ಪೆ ಸುಲಿದಾಗ ಚಿಮ್ಮುವ ಘಮ. ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂವರಿ 1975ರಲ್ಲಿ ಲಿಬರ್ಟಿ ಏಲ್ ಮಾಡಿತು, ಕೆನ್ ಗ್ರಾಸ್‌ಮನ್‌ನ ಸಿಯೆರಾ ನೆವಾಡಾ 1980ರಲ್ಲಿ ತನ್ನ ಪೇಲ್ ಏಲ್ ಮಾಡಿತು. ಎರಡರಲ್ಲೂ ಕ್ಯಾಸ್ಕೇಡ್‌ದೇ ಕಾರುಬಾರು. ಅಲ್ಲಿಂದ ಮುಂದೆ ಸೆಂಟೆನಿಯಲ್, ಸಿಮ್ಕೋ, ಸಿಟ್ರಾ, ಮೊಸಾಯಿಕ್ ಎಂದು ತಳಿಗಳ ಸಾಲು ಬೆಳೆಯಿತು. ನ್ಯೂಜಿಲೆಂಡಿನ ನೆಲ್ಸನ್ ಸೋವಿನ್, ಆಸ್ಟ್ರೇಲಿಯಾದ ಗ್ಯಾಲಕ್ಸಿ ಬಂದು ಸೇರಿಕೊಂಡವು. ಪುಣೆಯ ಬಾರಿನ ಮೆನುವಿನಲ್ಲಿ ಈಗ ಈ ಹೆಸರುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮಾವಿನ ಅಂಗಡಿಯವನು ಆಪೂಸ್ ಯಾವುದು, ಪಾಯರಿ ಯಾವುದು ಎಂದು ಹೇಳಲೇಬೇಕಾದ ಊರಿನಲ್ಲಿ ಹಾಪ್ಸ್ ತಳಿಯ ಹೆಸರು ಬರೆಯುವುದು ಸರಿಯಾದ ಮರ್ಯಾದೆ ಎಂದೇ ನನಗನಿಸುತ್ತದೆ.

ತಯಾರಿಕೆಯಲ್ಲಿ ಕಹಿಯೂ ಪರಿಮಳವೂ ಬೇರೆ ಬೇರೆ ಹೊತ್ತಿನಲ್ಲಿ ಬರುತ್ತವೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸ ಒಂದು ಗಂಟೆಗೂ ಹೆಚ್ಚು ಕುದಿಯುತ್ತದೆ. ಕುದಿತದ ಆರಂಭಕ್ಕೆ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಅದರ ಸುಗಂಧ ತೈಲವೆಲ್ಲ ಆವಿಯ ಜೊತೆ ಹೋಗುತ್ತದೆ. ಕುದಿ ನಿಂತ ಮೇಲೆ ಹಾಕಿದ್ದು ಸ್ವಲ್ಪ ಕಹಿ, ಸ್ವಲ್ಪ ಘಮ. ಕೊನೆಯದು ಡ್ರೈ ಹಾಪಿಂಗ್: ಯೀಸ್ಟ್ ತನ್ನ ಕೆಲಸ ಮುಗಿಸುವ ಹೊತ್ತಿಗೆ ತಣ್ಣನೆಯ ಟ್ಯಾಂಕಿಗೇ ಹಾಪ್ಸ್ ಸುರಿಯುವುದು. ಸಾರು ಒಲೆಯಿಂದ ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವುದಿದೆಯಲ್ಲ, ಕೆಲಸ ಅದೇ. ಆ ಘಮ ಹೊತ್ತು ಕಳೆದಂತೆ ಇಳಿಯುವುದೂ ಹಾಗೆಯೇ.

ಸಿಟ್ರಾ ಹಾಕಿದ ಬಿಯರ್ ಮೂಸಿ ಮಾವು, ಪೇರಲ ಎಂದು ಹೇಳಿದರೆ ಪಕ್ಕದವರು ಅದನ್ನು ಬರಿಯ ವರ್ಣನೆ ಎಂದುಕೊಳ್ಳುವುದುಂಟು. ಆದರೆ ಹಾಪ್ಸ್‌ನ ತೈಲದಲ್ಲಿ ಹೇರಳವಾಗಿರುವ ಮಿರ್ಸೀನ್ ಎಂಬ ವಸ್ತು ಮಾವಿನಹಣ್ಣಿನಲ್ಲೂ ಇದೆ, ಮಜ್ಜಿಗೆಹುಲ್ಲಿನಲ್ಲೂ ಇದೆ. ಪೇರಲ, ಪ್ಯಾಶನ್ ಹಣ್ಣುಗಳ ಚುರುಕಾದ ವಾಸನೆಗೆ ಕಾರಣವಾದ ಗಂಧಕದ ಸಂಯುಕ್ತಗಳು ಕೆಲವು ಹಾಪ್ಸ್ ತಳಿಗಳಲ್ಲೂ ಇವೆ. ಲಿನಲೂಲ್, ಜೆರಾನಿಯಾಲ್ ಹೂಗಳಿಂದಲೂ ಪರಿಚಿತ. ಹಾಗಾಗಿ ಮೂಗು ಹೇಳುವುದನ್ನು ನಂಬಬಹುದು. ಹೊರಗಿನ ಪುಸ್ತಕಗಳಲ್ಲಿ ಬರುವ ಗ್ರೇಪ್‌ಫ್ರೂಟ್, ಗೂಸ್‌ಬೆರಿಗಳನ್ನು ನಾವು ಎಂದೂ ಕೈಯಲ್ಲಿ ಹಿಡಿದಿರದಿದ್ದರೆ ಅವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಹೇರಳೆಕಾಯಿಯ ಸಿಪ್ಪೆ, ಗಜನಿಂಬೆ, ಕಂಚಿಕಾಯಿ, ಮಾವಿನಶುಂಠಿ, ಧೂಪದ ರಾಳ, ಆಗಷ್ಟೇ ಕೊಯ್ದ ಹುಲ್ಲು, ಜೂನ್ ತಿಂಗಳ ನೇರಳೆಹಣ್ಣು: ಇವನ್ನೆಲ್ಲ ಬಲ್ಲ ಮೂಗಿಗೆ ಹಾಪ್ಸ್ ಗುರುತಿಸುವುದು ಕಷ್ಟದ ವಿದ್ಯೆ ಅಲ್ಲ.

ಈ ತೈಲಗಳಿಗೆ ವೈರಿಗಳು ಮೂರು: ಗಾಳಿಯ ಆಮ್ಲಜನಕ, ಬಿಸಿ, ಬೆಳಕು. ಆಮ್ಲಜನಕ ಸೇರಿದ ಬಿಯರ್‌ನ ಘಮ ಮಂಕಾಗಿ ಒದ್ದೆ ರಟ್ಟಿನ ವಾಸನೆ, ಹಳೆ ಜೇನಿನಂಥ ಸಿಹಿ ಏಳುತ್ತದೆ. ಓಟ್ಸ್, ಗೋಧಿ ಹಾಕಿ ಮಬ್ಬಾಗಿಸಿದ ಹೇಜಿ ಐಪಿಎ ಆದರೆ ಬಣ್ಣವೇ ಹೇಳುತ್ತದೆ; ತಿಳಿಹಳದಿ ಹೋಗಿ ಕಂದು ಮಿಶ್ರಿತ ಬೂದಿಗೆ ತಿರುಗುತ್ತದೆ. ಬಿಸಿಲು ಬಿದ್ದರೆ ಹಾಪ್ಸ್‌ನ ಕಹಿವಸ್ತು ಒಡೆದು ಮೂಗು ಮುಚ್ಚಿಕೊಳ್ಳುವಂಥ ನಾತ. ಹಸಿರು, ಬಿಳಿ ಬಾಟಲಿಗಳಲ್ಲಿ ಇದು ಬೇಗ, ಕಂದು ಬಾಟಲಿಯಲ್ಲಿ ನಿಧಾನ, ಡಬ್ಬಿಯಲ್ಲಿ ಇಲ್ಲ. ಹೊರದೇಶದ ಹೆಸರಾಂತ ಐಪಿಎ ಒಂದು ಕಂಟೇನರಿನಲ್ಲಿ ಸಮುದ್ರ ದಾಟಿ, ಗೋದಾಮಿನಲ್ಲಿ ಕಾದು, ಏಪ್ರಿಲ್ ಬಿಸಿಲಲ್ಲಿ ಪುಣೆಯ ವೈನ್ ಶಾಪಿನ ಕಪಾಟಿಗೆ ಬರುವ ಹೊತ್ತಿಗೆ ಅದರಲ್ಲಿ ಕಹಿಯೂ ಮಾಲ್ಟಿನ ಸಿಹಿಯೂ ಉಳಿದಿರುತ್ತವೆ, ಹೆಸರು ತಂದುಕೊಟ್ಟ ಪರಿಮಳ ಉಳಿದಿರುವುದಿಲ್ಲ. ಅದನ್ನು ಇಲ್ಲಿನ ಟ್ಯಾಂಕಿನಿಂದ ನೇರ ಬಂದ ಬಿಯರ್ ಪಕ್ಕ ಇಟ್ಟು ಯಾವುದು ಮೇಲು ಎಂದು ತೀರ್ಪು ಕೊಟ್ಟರೆ ಆ ಬ್ರೂವರ್‌ಗೂ ಅನ್ಯಾಯ, ನಮಗೂ ಮೋಸ.

ಟ್ಯಾಂಕಿನಿಂದ ಗ್ಲಾಸಿಗೆ ಕೆಲವೇ ಮೀಟರ್ ದೂರ ಎಂಬ ಭಾಗ್ಯ ಪುಣೆಗೆ ದೊರೆತದ್ದು 2009ರಲ್ಲಿ. ಸುಕೇತು ತಳೇಕರ್ ಮತ್ತು ಪ್ರತೀಕ್ ಚತುರ್ವೇದಿ ಅವರು ಜರ್ಮನಿಯ ಬ್ರೂವರ್ ಆಲಿವರ್ ಶೌಫ್ ಜೊತೆಗೂಡಿ ಇಲ್ಲಿನ ಕೊರಿಂಥಿಯನ್ಸ್ ಕ್ಲಬ್ಬಿನಲ್ಲಿ ಡೂಲಾಲಿ ತೆರೆದರು. ದೇಶದಲ್ಲೇ ಮೊದಮೊದಲ ಮೈಕ್ರೊಬ್ರೂವರಿಗಳಲ್ಲಿ ಅದೊಂದು, ಮಹಾರಾಷ್ಟ್ರಕ್ಕಂತೂ ಮೊದಲನೆಯದು. ಗೋಧಿಯ ಬಿಯರ್, ಸೇಬಿನ ಸೈಡರ್ ಜನರನ್ನು ಕರೆತಂದವು. ಹಡಪಸರ್ ಬಳಿಯ ಅಮನೋರಾದಲ್ಲಿ ಟಿಜೆಸ್, ಕೋರೆಗಾಂವ್ ಪಾರ್ಕಿನಲ್ಲಿ ಎಫಿನ್‌ಗಟ್ ಬಂದವು. ಶೈಲೇಂದ್ರ ಬಿಷ್ಟ್ ಮತ್ತು ಅವನೀಶ್ ವೆಲ್ಲಂಕಿ ಅವರ ಇಂಡಿಪೆಂಡೆನ್ಸ್ ಬ್ರೂಯಿಂಗ್ ಕಂಪನಿ ಮುಂಢವಾದಲ್ಲಿ ಶುರುವಾದ ಮೇಲೆ ಅಮೆರಿಕನ್ ರೀತಿಯ ಹಾಪ್ಸ್ ಬಿಯರ್ ಪುಣೆಯಲ್ಲಿ ನೆಲೆ ಕಂಡಿತು ಎನ್ನಬಹುದು. ನಕುಲ್ ಭೋಸಲೆ ಅವರ ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್ ಇಲ್ಲಿನ ಹಣ್ಣು, ಧಾನ್ಯಗಳತ್ತ ಕಣ್ಣು ಹಾಯಿಸಿತು.

ಇದೇ ಹೊತ್ತಿಗೆ ಬೆಂಗಳೂರು ತನ್ನ ದಾರಿಯಲ್ಲಿತ್ತು. ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್ 2010-11ರ ಆಸುಪಾಸಿನಲ್ಲಿ ಬಂದವು. 2012ರಲ್ಲಿ ಗೌರವ್ ಸಿಕ್ಕಾ ಅವರು ಅಮೆರಿಕದ ಮಿಷಿಗನ್‌ನ ಆರ್ಬರ್ ಬ್ರೂಯಿಂಗ್ ಕಂಪನಿಯ ಹೆಸರು, ಹೊಂದಿಕೆಯೊಂದಿಗೆ ಮಗ್ರಾತ್ ರಸ್ತೆಯಲ್ಲಿ ಬ್ರೂವರಿ ತೆರೆದರು. ಅಲ್ಲಿನ ರೇಜಿಂಗ್ ಎಲಿಫೆಂಟ್ ಎಂಬ ಐಪಿಎ ಎಷ್ಟೋ ಕನ್ನಡಿಗರಿಗೆ ಹಾಪ್ಸ್ ಕಹಿಯ ಮೊದಲ ಪರಿಚಯ ಮಾಡಿಸಿತು. ಮುಂದೆ ಟಾಯ್ಟ್ ಪುಣೆಗೂ ಬಂತು. ಕೆಲಸಕ್ಕೆಂದು ಬೆಂಗಳೂರು ಬಿಟ್ಟು ಪುಣೆ ಸೇರಿದ ಹುಡುಗ ಹುಡುಗಿಯರು ಅಲ್ಲಿ ಹೋಗಿ ಕೂತು ಎರಡೂ ಊರಿನ ಬಿಯರ್ ಬಗ್ಗೆ ವಾದ ಮಾಡುತ್ತಾರೆ. ಈ ವಾದ ನನಗೆ ಇಷ್ಟ, ಆದರೆ ಅದೊಂದು ತೀರದ ವಾದ. ಬೆಂಗಳೂರಿನ ಶನಿವಾರದ ಗ್ಲಾಸನ್ನು ಪುಣೆಯ ಭಾನುವಾರದ ಗ್ಲಾಸಿನ ಪಕ್ಕ ಇಡಲು ಬರುವುದಿಲ್ಲ, ನೆನಪಿನ ಪರಿಮಳ ಯಾವಾಗಲೂ ದೊಡ್ಡದಾಗಿರುತ್ತದೆ.

ಪುಣೆಯಲ್ಲಿ ಕನ್ನಡಿಗರಿಗೂ ಬಿಯರ್‌ಗೂ ಇರುವ ಹಳೆಯ ನಂಟು ಬೇರೆಯದು. ಅದು ಶೆಟ್ಟರ ಪರ್ಮಿಟ್ ರೂಂ. 1949ರ ಬಾಂಬೆ ಪಾನನಿರೋಧ ಕಾಯ್ದೆ ಹೆಸರಿಗೆ ಮಹಾರಾಷ್ಟ್ರದಲ್ಲಿ ಇನ್ನೂ ಜಾರಿಯಲ್ಲಿದೆ. ಕುಡಿಯುವವನ ಬಳಿ ಪರ್ಮಿಟ್ ಇರಬೇಕು, ಒಂದು ದಿನದ್ದಕ್ಕೆ ಐದು ರೂಪಾಯಿ. ಪಾನನಿರೋಧ ಸಡಿಲವಾದ ಮೇಲೆ ತಲೆಯೆತ್ತಿದ ಪರ್ಮಿಟ್ ರೂಂಗಳಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಕಡೆಯಿಂದ ಬಂದ ಬಂಟರು ನಡೆಸಿದವು ಲೆಕ್ಕವಿಲ್ಲದಷ್ಟು. ಕೆಂಪು ಬಲ್ಬಿನ ಮಂದ ಬೆಳಕು, ಶೇಂಗಾ, ಮಸಾಲಾ ಪಾಪಡ್, ಚಕಲಿ, ಕೈಗೆ ಅಂಟುವಷ್ಟು ತಣ್ಣಗಿನ ಸ್ಟ್ರಾಂಗ್ ಬಿಯರ್ ಬಾಟಲಿ. ಅಲ್ಲಿ ಬಿಯರ್ ಹೋಲಿಸುವ ಮಾತೇ ಇಲ್ಲ, ತಣ್ಣಗಿದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಅದಕ್ಕೂ ಹಿಂದೆ, 1908ರಲ್ಲಿ, ಇದೇ ಊರಿನಲ್ಲಿ ಬಾಲಗಂಗಾಧರ ತಿಲಕರ ನೇತೃತ್ವದಲ್ಲಿ ಮದ್ಯದಂಗಡಿಗಳ ಮುಂದೆ ಪಿಕೆಟಿಂಗ್ ನಡೆದಿತ್ತು. ಪುಣೆಯ ಬಿಯರ್ ಬಗ್ಗೆ ಬರೆಯುವಾಗ ಈ ಎಲ್ಲ ಪದರಗಳೂ ಕಾಲಡಿಯಲ್ಲಿ ಇರುತ್ತವೆ.

ಇನ್ನು ಮೇಜಿನ ಹತ್ತಿರ ಬರೋಣ. ಮುಂಢವಾದ ಒಂದು ಬ್ರೂವರಿಯಲ್ಲಿ ಶನಿವಾರ ಮಧ್ಯಾಹ್ನ, ಸಂಜೆಯ ನೂಕುನುಗ್ಗಲು ಶುರುವಾಗುವ ಮೊದಲು, ಮರದ ಹಲಗೆಯ ಮೇಲೆ ನಾಲ್ಕು ಸಣ್ಣ ಗ್ಲಾಸುಗಳ ಸ್ಯಾಂಪ್ಲರ್ ಬಂತು: ಪಿಲ್ಸ್‌ನರ್, ಪೇಲ್ ಏಲ್, ವೆಸ್ಟ್ ಕೋಸ್ಟ್ ಐಪಿಎ, ಹೇಜಿ ಐಪಿಎ. ಫ್ರಿಜ್ಜಿನ ಚಳಿ ಇನ್ನೂ ಇತ್ತು, ಗಾಜಿನ ಹೊರಗೆ ಬೆವರು. ಈ ಸ್ಥಿತಿಯಲ್ಲಿ ಮೂಸಿದರೆ ಏನೂ ಸಿಗುವುದಿಲ್ಲ. ಹತ್ತು ನಿಮಿಷ ಬಿಟ್ಟು, ಸುಮಾರು 8-10 ಡಿಗ್ರಿಗೆ ಬಂದಾಗ ಗ್ಲಾಸು ಮಾತಾಡತೊಡಗುತ್ತದೆ. ವೆಸ್ಟ್ ಕೋಸ್ಟ್ ಗ್ಲಾಸನ್ನು ಬೆಳಕಿಗೆ ಹಿಡಿದರೆ ಆಚೆ ಕಡೆಯ ಕಿಟಕಿಯ ಸರಳು ಕಾಣುವಷ್ಟು ತಿಳಿ, ತಾಮ್ರದ ಛಾಯೆ. ಹೇಜಿಯಲ್ಲಿ ಬೆರಳೂ ಕಾಣದಷ್ಟು ಮಬ್ಬು. ಮೊದಲ ಮೂಸು ಚಿಕ್ಕದಾಗಿರಬೇಕು, ಆಮೇಲೆ ಮೂಗನ್ನು ಗ್ಲಾಸಿನಿಂದ ಆಚೆ ತೆಗೆಯಬೇಕು. ಮೂಗು ಒಂದೇ ವಾಸನೆಗೆ ಬಹಳ ಬೇಗ ಒಗ್ಗಿಹೋಗುತ್ತದೆ. ವೆಸ್ಟ್ ಕೋಸ್ಟ್‌ನಲ್ಲಿ ಮೊದಲು ಬಂದದ್ದು ರಾಳ, ಅದರ ಹಿಂದೆ ಹೇರಳೆ ಸಿಪ್ಪೆ. ಹೇಜಿಯಲ್ಲಿ ಮಾಗಿದ ಮಾವು, ಸ್ವಲ್ಪ ತಡವಾಗಿ ಪೇರಲ. ಗುಟುಕು ಇಳಿದ ಮೇಲೆ ವೆಸ್ಟ್ ಕೋಸ್ಟ್‌ನ ಕಹಿ ನಾಲಿಗೆಯ ಹಿಂಬದಿಯಲ್ಲಿ ನೆಟ್ಟಗೆ ನಿಂತು, ನಿಧಾನಕ್ಕೆ ಒಣಗಿ ಹೋಯಿತು. ಕುಡಿದಷ್ಟೂ ಗಾಜಿನ ಒಳಮೈಗೆ ನೊರೆಯ ಬಳೆಗಳು ಅಂಟಿಕೊಂಡು ಉಳಿದವು. ಆ ಬಳೆಗಳನ್ನು ಹಿಡಿದಿಡುವುದರಲ್ಲೂ ಹಾಪ್ಸ್‌ನ ಕಹಿವಸ್ತುವಿನ ಪಾಲಿದೆ. ಅವು ಒಡೆದು ಜಾರಿಹೋದರೆ ಗ್ಲಾಸಿನಲ್ಲಿ ಸೋಪು ಅಥವಾ ಜಿಡ್ಡು ಉಳಿದಿದೆ ಎಂದು ಅನುಮಾನಿಸಬಹುದು.

ಮೆನುವಿನಲ್ಲಿ ಐಬಿಯು ಎಂಬ ಅಂಕಿ ಇರುತ್ತದೆ. ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಕಹಿವಸ್ತು ಎಂಬುದರ ಸುಮಾರು ಲೆಕ್ಕ ಅದು. ಪರ್ಮಿಟ್ ರೂಂನ ಲಾಗರ್ ಸಾಮಾನ್ಯವಾಗಿ 20ರ ಒಳಗೆ, ಐಪಿಎ 40ರಿಂದ 70. ಹುಡುಗರು ಈ ಅಂಕಿಯನ್ನು ಗಂಡಸ್ತನದ ಪಂದ್ಯವಾಗಿ ತೆಗೆದುಕೊಳ್ಳುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ನಾಲಿಗೆಗೆ ತಟ್ಟುವ ಕಹಿ ಈ ಅಂಕಿಯಲ್ಲಿಲ್ಲ. ಮಾಲ್ಟಿನ ಸಿಹಿ ಎಷ್ಟು ಉಳಿದಿದೆ, ಆಲ್ಕೋಹಾಲ್ ಎಷ್ಟು, ನೀರಿನಲ್ಲಿ ಯಾವ ಲವಣವಿದೆ ಎಂಬುದರ ಮೇಲೆ ಅದು ನಿಂತಿದೆ. ಬರ್ಟನ್ ಊರಿನ ಬಾವಿನೀರಿನಲ್ಲಿ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಹೆಚ್ಚು. ಸಲ್ಫೇಟ್ ಇದ್ದಲ್ಲಿ ಕಹಿ ಚುರುಕಾಗುತ್ತದೆ, ಕ್ಲೋರೈಡ್ ಇದ್ದಲ್ಲಿ ಬಾಯಿ ತುಂಬಿದಂತಾಗಿ ಕಹಿ ಹಿಂದೆ ಸರಿಯುತ್ತದೆ. ಇಂದಿನ ಮೈಕ್ರೊಬ್ರೂವರಿಗಳು ಆರ್‌ಓ ಮಾಡಿದ ನೀರಿಗೆ ಬೇಕಾದ ಲವಣವನ್ನು ತೂಗಿ ಹಾಕುತ್ತವೆ. ಹೀಗಾಗಿ ವೆಸ್ಟ್ ಕೋಸ್ಟ್‌ಗೆ ಬರ್ಟನ್ ಕಡೆಯ ನೀರು, ಹೇಜಿಗೆ ಮೃದುವಾದ ನೀರು, ಎರಡೂ ಮುಂಢವಾದ ಒಂದೇ ಸೂರಿನಡಿ ಸಾಧ್ಯ. 60 ಐಬಿಯುನ ಹೇಜಿ 40 ಐಬಿಯುನ ಪಿಲ್ಸ್‌ನರ್‌ಗಿಂತ ಮೆತ್ತಗೆ ಅನಿಸುವುದು ಇದರಿಂದಲೇ.

ನಿಜವಾಗಿ ಹೋಲಿಸಬೇಕೆಂದರೆ ಕಣ್ಣಿಗೆ ಬಟ್ಟೆ ಕಟ್ಟಿದಂತೆ ಹೋಲಿಸಬೇಕು. ಬಿಯರ್ ಉದ್ಯಮದಲ್ಲಿ ಬಳಸುವ ತ್ರಿಕೋನ ಪರೀಕ್ಷೆ ಮನೆಮಂದಿಗೂ ಸುಲಭ. ಮೂರು ಗ್ಲಾಸುಗಳಲ್ಲಿ ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಸುರಿದವರು ರುಚಿ ನೋಡುವಂತಿಲ್ಲ, ಬಣ್ಣದಲ್ಲಿ ವ್ಯತ್ಯಾಸವಿದ್ದರೆ ಸ್ಟೀಲ್ ಲೋಟದಲ್ಲಿ ಕೊಡಬೇಕು. ಬೇರೆಯದು ಯಾವುದೆಂದು ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದೇ ಸುತ್ತಿನ ಗೆಲುವಿಗೆ ಅರ್ಥವಿಲ್ಲ. ಬ್ರೂವರಿಯ ಹೆಸರು, ಗೋಡೆಯ ಚಿತ್ರ, ಬೆಲೆ, ಗೆಳೆಯನ ಶಿಫಾರಸು ಎಲ್ಲವೂ ಕಳಚಿಬಿದ್ದಾಗ ಉಳಿಯುವುದು ಬಾಯಿ ಮೂಗು ಮಾತ್ರ. ಎರಡು ಐಪಿಎಗಳ ನಡುವೆ ಆಕಾಶ ಪಾತಾಳದ ಅಂತರವಿದೆ ಎನ್ನುತ್ತಿದ್ದವರು ಮೂರು ಲೋಟದ ಮುಂದೆ ತಡವರಿಸುತ್ತಾರೆ. ಬಿಯರ್ ಬಗ್ಗೆ ಏನೂ ಗೊತ್ತಿಲ್ಲ ಎನ್ನುತ್ತಿದ್ದವರು, ಅಡುಗೆಮನೆಯಲ್ಲಿ ಮೂಗು ಪಳಗಿಸಿಕೊಂಡವರು, ಪಟ್ಟನೆ ಬೇರೆಯದನ್ನು ಎತ್ತಿ ಕೊಡುವುದನ್ನೂ ಕಂಡಿದ್ದೇನೆ.

ಕ್ರಮವೂ ಮುಖ್ಯ. ಮೃದುವಾದದ್ದು ಮೊದಲು, ಕಹಿ ಮತ್ತು ಅಮಲು ಹೆಚ್ಚಿದ್ದು ಕೊನೆಗೆ. ಕಹಿ ನಾಲಿಗೆಯ ಮೇಲೆ ಕೂತು ಮುಂದಿನ ಬಿಯರ್‌ನ ಸೂಕ್ಷ್ಮವನ್ನು ನುಂಗಿಬಿಡುತ್ತದೆ. ನಡುವೆ ನೀರು, ಏನೂ ಹಾಕದ ಬ್ರೆಡ್ಡು. ಐಪಿಎಗೆ ಖಾರದ ತಿಂಡಿ ಜೋಡಿ ಎಂಬ ಮಾತನ್ನು ಪುಣೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೆಣಸಿನ ಉರಿಯನ್ನು ಆಲ್ಕೋಹಾಲ್ ಮತ್ತು ಕಹಿ ಎರಡೂ ಏರಿಸುತ್ತವೆ. ಮಿಸಳ್ ಜೊತೆ ಕುಡಿದ ಐಪಿಎಯಲ್ಲಿ ಹಾಪ್ಸ್ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಹುರಿದ ಶೇಂಗಾ, ತುಪ್ಪ ಬೆಣ್ಣೆಯ ಕೊಬ್ಬು, ಗಟ್ಟಿ ಚೀಸು ಹೊಂದುತ್ತವೆ.

ದೋಷಗಳನ್ನು ಗುರುತಿಸಲು ಕಲಿತರೆ ಹೋಲಿಕೆಗೆ ಬೆನ್ನೆಲುಬು ಬರುತ್ತದೆ. ಬೆಣ್ಣೆಯ ಘಮ ಬಂದರೆ ಅದು ಡಯಾಸಿಟೈಲ್. ಹಾಪ್ಸ್ ಬಿಯರ್‌ನಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ: ಹಾಪ್ಸ್‌ನಲ್ಲೇ ಇರುವ ಕಿಣ್ವಗಳು ಉಳಿದ ಪಿಷ್ಟದ ತುಣುಕುಗಳನ್ನು ಒಡೆದು ಸಕ್ಕರೆ ಮಾಡುತ್ತವೆ, ಮಲಗಿದ್ದ ಯೀಸ್ಟ್ ಮತ್ತೆ ಎದ್ದು ಕೆಲಸಕ್ಕಿಳಿಯುತ್ತದೆ. ಆ ಎರಡನೆಯ ಹುದುಗು ಮುಗಿಯುವ ತನಕ ಕಾಯದೆ ಟ್ಯಾಪಿಗೆ ಹಾಕಿದರೆ ಬೆಣ್ಣೆ ಉಳಿಯುತ್ತದೆ. ವಾರಾಂತ್ಯಕ್ಕೆ ಟ್ಯಾಪ್ ಖಾಲಿ ಇಡಬಾರದೆಂಬ ಒತ್ತಡದಲ್ಲಿ ಆಗುವ ಅವಸರ ಇದು. ಈರುಳ್ಳಿ ಬೆಳ್ಳುಳ್ಳಿಯ ವಾಸನೆ ಕೆಲವು ತಳಿಗಳನ್ನು ತಡವಾಗಿ ಕೊಯ್ದಾಗ ಬರುತ್ತದೆ. ಹಸಿ ಹುಲ್ಲಿನ ಒಗರು ಟ್ಯಾಂಕಿನಲ್ಲಿ ಹಾಪ್ಸ್ ಬಹಳ ದಿನ ಉಳಿದದ್ದರ ಗುರುತು. ಹಳಸಿದ ಚೀಸಿನ ನಾತ ಬಂದರೆ ಹಾಪ್ಸೇ ಹಳೆಯದು.

ಹಾಪ್ಸ್ ಹಳೆಯದಾಗುವ ಸಾಧ್ಯತೆ ನಮ್ಮಲ್ಲಿ ಹೆಚ್ಚು. ಪುಣೆಯ ಬ್ರೂವರ್ ಬಳಸುವ ಹಾಪ್ಸ್ ಬಹುತೇಕ ಅಮೆರಿಕದ ಯಾಕಿಮಾ ಕಣಿವೆಯಿಂದಲೋ ಜರ್ಮನಿಯ ಹಾಲರ್ಟೌನಿಂದಲೋ ಬರಬೇಕು. ಅಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಕೊಯ್ಲು. ಒಣಗಿಸಿ, ಪುಡಿಮಾಡಿ, ಒತ್ತಿ ಹಸಿರು ಗುಳಿಗೆಗಳಾಗಿ, ಗಾಳಿ ತೆಗೆದ ಬೆಳ್ಳಿಬಣ್ಣದ ಪೊಟ್ಟಣಗಳಲ್ಲಿ ಬರುತ್ತದೆ. ಪೊಟ್ಟಣ ಒಡೆದು ಒಂದು ಗುಳಿಗೆಯನ್ನು ಅಂಗೈಗಳ ನಡುವೆ ತಿಕ್ಕಿ ಮೂಸಿದರೆ ಬಿಯರ್ ಹೇಗಿರುತ್ತದೆಂಬ ಅಂದಾಜು ಸಿಗುತ್ತದೆ. ಅಂಗೈ ಹಳದಿ ಹಸಿರಾಗಿ ಜಿಗುಟಾಗುತ್ತದೆ, ಆ ಕಹಿ ಸೋಪಿಗೂ ಬೇಗ ಬಿಡುವುದಿಲ್ಲ. ತಣ್ಣಗೆ ಕೂಡಿಟ್ಟರೆ ಈ ಪೊಟ್ಟಣ ತಾಳುತ್ತದೆ, ಕಸ್ಟಮ್ಸ್ ಗೋದಾಮಿನ ಬಿಸಿಯಲ್ಲಿ ವಾರಗಟ್ಟಲೆ ಬಿದ್ದರೆ ತಾಳುವುದಿಲ್ಲ.

ಇಲ್ಲೇ ಬೆಳೆಯಬಾರದೆ? ಹಾಪ್ಸ್ ಬಳ್ಳಿಗೆ ಚಳಿಗಾಲದ ನಿದ್ದೆ ಬೇಕು, ಬೇಸಿಗೆಯಲ್ಲಿ ದೀರ್ಘ ಹಗಲು ಬೇಕು. ಯಾಕಿಮಾ, ಹಾಲರ್ಟೌಗಳಲ್ಲಿ ಜೂನ್ ಹಗಲು 15 ತಾಸು ದಾಟುತ್ತದೆ. ಪುಣೆಯ ಅತಿ ದೊಡ್ಡ ಹಗಲು 13 ತಾಸಿಗಿಂತ ತುಸು ಹೆಚ್ಚು. ದೇಶದಲ್ಲಿ ಅದು ಮುಖ್ಯವಾಗಿ ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. 1970ರ ದಶಕದಿಂದ ಅಲ್ಲಿನ ರೈತರು ಹಾಪ್ಸ್ ಹಾಕಿದರು. ದೊಡ್ಡ ಬ್ರೂವರಿಗಳು ಅಗ್ಗದ ಆಮದಿನತ್ತ ತಿರುಗಿದಾಗ ಬೆಳೆ ಸೊರಗಿತು, ಬಟಾಣಿ, ಆಲೂಗಡ್ಡೆ, ಹೂಕೋಸು ಅದರ ಜಾಗ ಹಿಡಿದವು. ಹಿಮ ಬಿದ್ದಾಗ ತಿಂಗಳುಗಟ್ಟಲೆ ಮುಚ್ಚಿಹೋಗುತ್ತಿದ್ದ ಆ ಕಣಿವೆಗೆ 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆಯಿತು. ಪುಣೆ, ಬೆಂಗಳೂರಿನ ಬ್ರೂವರ್‌ಗಳು ಲಾಹೌಲ್ ರೈತರ ಜೊತೆ ಕೂತು ಪರಿಮಳದ ತಳಿಗಳ ಬಗ್ಗೆ ಮಾತಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾಲ್ಟ್ ಕೊಡುವ ಬಾರ್ಲಿ ರಾಜಸ್ಥಾನ, ಹರಿಯಾಣಗಳಲ್ಲಿ ಬೆಳೆಯುತ್ತದೆ. ಪರಿಮಳವೂ ನಮ್ಮ ಮಣ್ಣಿನದೇ ಆದರೆ ಇಂಡಿಯಾ ಎಂಬ ಹೆಸರಿಗೆ ಒಂದು ನೆಲೆ ಸಿಕ್ಕೀತು.

ಇದನ್ನೆಲ್ಲ ಬರೆಯುವಾಗ 2024ರ ಮೇ 19ರ ನಸುಕನ್ನು ಬಿಟ್ಟು ಮುಂದೆ ಹೋಗಲಾಗದು. ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಅದಕ್ಕೆ ಮೊದಲು ಅವನಿಗೆ ಮದ್ಯ ಕೊಟ್ಟ ಜಾಗಗಳಿಗೆ ಅಬಕಾರಿ ಇಲಾಖೆ ಬೀಗ ಜಡಿಯಿತು. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ಸ್ಪಿರಿಟ್‌ಗೆ 25 ವರ್ಷ ತುಂಬಿರಬೇಕೆಂಬ ನಿಯಮ ಕಾಗದದ ಮೇಲೆ ಆಗಲೇ ಇತ್ತು. ರುಚಿ ನೋಡುವುದು ಸಣ್ಣ ಗ್ಲಾಸಿನ ಕೆಲಸ. ನಾಲ್ಕು ಸಣ್ಣ ಗ್ಲಾಸುಗಳಷ್ಟೇ ಆದರೂ ಆರೇಳು ಪ್ರತಿಶತದ ಐಪಿಎ ಕುಡಿದ ಮೇಲೆ ಗಾಡಿಯ ಕೀಲಿ ಮುಟ್ಟಬಾರದು, ರಿಕ್ಷಾ ಹಿಡಿದು ಮನೆಗೆ ಹೋಗಬೇಕು. ಅಮಲು ಏರಿದ ಮೇಲೆ ಮೂಗು ಕೆಲಸ ಮಾಡುವುದೂ ಇಲ್ಲ. ಐದನೆಯ ಗ್ಲಾಸಿನ ಬಗ್ಗೆ ಯಾರಾದರೂ ಕೊಡುವ ತೀರ್ಪನ್ನು ನಾನು ಬರೆದುಕೊಳ್ಳುವುದಿಲ್ಲ.

ಪುಣೆಯ ಬ್ರೂವರಿಗಳಿಂದ ನಾನು ಬಯಸುವುದು ಒಂದು ಸಣ್ಣ ಬದಲಾವಣೆ. ಟ್ಯಾಪ್ ಪಟ್ಟಿಯಲ್ಲಿ ಬಿಯರ್‌ನ ಬಗೆ, ಆಲ್ಕೋಹಾಲ್ ಪ್ರಮಾಣ, ಐಬಿಯು, ಕೆಲವೊಮ್ಮೆ ಹಾಪ್ಸ್ ತಳಿ ಇರುತ್ತವೆ. ಅದರ ಪಕ್ಕದಲ್ಲಿ ಆ ಟ್ಯಾಂಕಿಗೆ ಡ್ರೈ ಹಾಪಿಂಗ್ ಮಾಡಿದ ದಿನಾಂಕವನ್ನೂ ಸೀಮೆಸುಣ್ಣದಲ್ಲಿ ಬರೆಯಬೇಕು. ಬರೆಯದಿದ್ದರೆ ಗಿರಾಕಿ ಕೇಳಬೇಕು. ಬ್ರೂವರ್ ಕೈಗೆ ಸಿಗುವಷ್ಟು ಹತ್ತಿರದಲ್ಲೇ, ಗಾಜಿನ ಗೋಡೆಯ ಆಚೆ, ಗಂಬೂಟು ಹಾಕಿಕೊಂಡು ನೆಲ ತೊಳೆಯುತ್ತಿರುತ್ತಾನೆ. ದಿನಾಂಕ ಕೇಳಿದರೆ ಹೆಚ್ಚಿನವರು ಖುಷಿಯಿಂದ ಹೇಳುತ್ತಾರೆ, ಕೆಲವರು ಟ್ಯಾಂಕಿನ ತನಕ ಕರೆದೊಯ್ದು ಸಣ್ಣ ನಲ್ಲಿಯಿಂದ ಎರಡು ಗುಟುಕು ಹಿಡಿದೂ ಕೊಡುತ್ತಾರೆ.